ಮಾವನ ಅಂಬಾಸಡರ್, ನನ್ನ ಡಿಸ್ಕ್ ಬ್ರೇಕ್

ಹೊಸದುರ್ಗದಿಂದ ಹೊಳಲ್ಕೆರೆ ಕಡೆಗೆ ಬರುವ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬರುವುದು ಹೊಸದೇನಲ್ಲ. ಕಳೆದ ಬೇಸಿಗೆಯಲ್ಲಿ ಅಂಥದ್ದೇ ಒಂದು ಹಿಂಡು ಎದುರಾಯಿತು. ಸೋದರಮಾವ ಸ್ಟೇರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅಮ್ಮ, ಅತ್ತೆ, ಡಿಕ್ಕಿಯಲ್ಲಿ ಮದುವೆ ಮನೆಗೆಂದು ಹೊರಟಿದ್ದ ಎರಡು ಚೀಲ ತೆಂಗಿನಕಾಯಿ. ಮಾವ ಬ್ರೇಕ್ ಒತ್ತಿದರು. ಪೆಡಲ್ ಮೆತ್ತಗೆ ನೆಲಕ್ಕೆ ಹೋಯಿತು. ಕಾರು ಮಾತ್ರ ಹೋಗುತ್ತಲೇ ಇತ್ತು.

ಮಾವ ಪೆಡಲನ್ನು ಮೂರು ನಾಲ್ಕು ಸಲ ತುಳಿದು ಪಂಪ್ ಮಾಡಿದರು, ಗೇರ್ ಇಳಿಸಿದರು, ಹ್ಯಾಂಡ್ ಬ್ರೇಕ್ ಎಳೆದರು, ಕಾರನ್ನು ರಸ್ತೆ ಪಕ್ಕದ ಮಣ್ಣಿಗೆ ಇಳಿಸಿದರು. ನಿಂತಾಗ ಕೊನೆಯ ಕುರಿಗೂ ನಮ್ಮ ಬಂಪರ್‌ಗೂ ನಡುವೆ ಒಂದು ಮಾರು ಜಾಗ ಇತ್ತು. ಕುರಿ ಕಾಯುವ ಅಜ್ಜ ಬೈಯಲಿಲ್ಲ. ಕೋಲು ಊರಿ ನಿಂತು, "ವಯಸ್ಸಾಗೈತೆ ಸಾಮಿ ಗಾಡಿಗೆ" ಎಂದು ಹೇಳಿ ಹೋದ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣ, ಸಾಕು. ಇದನ್ನ ಗುಜರಿಗೆ ಹಾಕಿಬಿಡು" ಎಂದಳು. ಮಾವನ ಮುಖ ಸಣ್ಣಗಾಯಿತು. ಅದನ್ನು ನೋಡಲಾಗದೆ ನಾನು ಬಾಯಿ ಹಾಕಿದೆ: "ಮಾವ, ಡ್ರಮ್ ಬ್ರೇಕಿನ ಕಾಲ ಮುಗೀತು. ಹಿಂದಿನ ಆಕ್ಸಲ್‌ಗೆ ಡಿಸ್ಕ್ ಹಾಕೋಣ. ನಾನೇ ಮಾಡ್ತೀನಿ."

ಮಾವ ನನ್ನನ್ನೇ ನೋಡಿದರು. "ನೀನು ಓದ್ತಿರೋನು ಕಣಪ್ಪ ಅಳಿಯ. ನೀನು ಹೇಳ್ದಂಗೇ ಆಗ್ಲಿ" ಎಂದರು. ಅಡಿಕೆ ಮಾರಿದ ದುಡ್ಡಿನಲ್ಲಿ 35 ಸಾವಿರ ರೂಪಾಯಿಯನ್ನು ಅದಕ್ಕಾಗಿ ಎತ್ತಿಟ್ಟರು.

ನಾನು ಬಿಇ ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೆ. ಬಾಹಾ ಸ್ಪರ್ಧೆಗೆ ಗಾಡಿ ಕಟ್ಟುತ್ತಿದ್ದ ಸೀನಿಯರ್‌ಗಳಿಗೆ ಸ್ಪ್ಯಾನರ್ ಎತ್ತಿಕೊಟ್ಟ ಅನುಭವವಿತ್ತು. ಎಂಜಿನಿಯರ್ ಆಗಲು ಇನ್ನೇನು ಬೇಕು ಎಂಬುದು ಆಗಿನ ನನ್ನ ಲೆಕ್ಕ.

ಕಾರಿನ ಜಾತಕ

ಮಾವನದು 1986ರ ಅಂಬಾಸಡರ್, ಮಾರ್ಕ್ 4. ನಮ್ಮ ಜಿಲ್ಲೆಗೆ ಕೆಎ-16 ಬರುವುದಕ್ಕೂ ಮೊದಲಿನ ಕಾರು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನ ವಿನ್ಯಾಸವನ್ನು ತಂದು ಹಿಂದೂಸ್ಥಾನ್ ಮೋಟರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಸತೊಡಗಿದ್ದು 1950ರ ದಶಕದ ಕೊನೆಯಲ್ಲಿ. ಆ ಕಾರ್ಖಾನೆಯಲ್ಲಿ ಕೆಲಸ ನಿಂತದ್ದು 2014ರಲ್ಲಿ. ಅಷ್ಟು ವರ್ಷದಲ್ಲಿ ಎಂಜಿನ್ ಬದಲಾಯಿತು, ಮುಂದಿನ ಜಾಲರಿ ಬದಲಾಯಿತು, ಕೊನೆಕೊನೆಗೆ ಕೆಲವು ಮಾದರಿಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಕೂಡ ಬಂತು. ಹಿಂದಿನ ಚಕ್ರದಲ್ಲಿ ಮಾತ್ರ ಕೊನೆಯವರೆಗೂ ಡ್ರಮ್ಮೇ.

ಮಾವ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಹಲವು ವರ್ಷ ಹೊಸದುರ್ಗದಲ್ಲಿ ಬಾಡಿಗೆ ಓಡಿಸಿದರು. ನನ್ನನ್ನು ಹೆರಲು ಅಮ್ಮ ಆಸ್ಪತ್ರೆಗೆ ಹೋದದ್ದು ಇದರಲ್ಲೇ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿದ್ದಾಗ, ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಗೆ ಹೊರಟಿತ್ತಲ್ಲ, ನಾವು ಏಳು ಜನ ಹೋದದ್ದೂ ಇದರಲ್ಲೇ. ಮಾವನ ಮನೆಯಲ್ಲಿ ಅದು ಮನೆಯವರಲ್ಲೊಬ್ಬ. ಅದಕ್ಕೇ ಅಮ್ಮನ "ಗುಜರಿ" ಎಂಬ ಮಾತು ಅಷ್ಟು ನೋಯಿಸಿತ್ತು.

ಹಿರಿಯೂರು: ಸಾಮಾನು ಸಿಕ್ಕಿತು

ನಾನು ಮೊದಲು ಹೋದದ್ದು ಹಿರಿಯೂರಿಗೆ. ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುವ ಊರು. ಅಲ್ಲಿನ ಗುಜರಿಯೊಂದರಲ್ಲಿ ಅರ್ಧ ದಿನ ಹುಡುಕಿ, ಅಪಘಾತವಾಗಿದ್ದ ಸಣ್ಣ ಕಾರೊಂದರ ಮುಂದಿನ ಎರಡು ಡಿಸ್ಕ್, ಎರಡು ಕ್ಯಾಲಿಪರ್ ತಂದೆ. 3,200 ರೂಪಾಯಿ. ಯುದ್ಧ ಗೆದ್ದವನಂತೆ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದೆ.

ಡಿಸ್ಕ್ ಏಕೆ ಒಳ್ಳೆಯದು ಎಂಬುದು ನನಗೆ ಬಾಯಿಪಾಠವಾಗಿತ್ತು. ಬ್ರೇಕ್ ಎಂದರೆ ವೇಗವನ್ನು ಬಿಸಿಯಾಗಿ ಬದಲಾಯಿಸುವ ಯಂತ್ರ. ಸುಮಾರು 1,180 ಕೆ.ಜಿ. ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಬಿಸಿ ಸುಮಾರು 290 ಕಿಲೋಜೌಲ್. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಹೆಚ್ಚುಕಡಿಮೆ ಅಷ್ಟೇ ಬೇಕು. ಅಂದರೆ ಪ್ರತಿ ಸಲ ಜೋರಾಗಿ ಬ್ರೇಕ್ ಹಾಕಿದಾಗಲೂ ನಾಲ್ಕು ಚಕ್ರಗಳ ಒಳಗೆ ಒಂದು ಲೀಟರ್ ನೀರು ಕುದಿಸಿದಂತೆ.

ಡ್ರಮ್ಮಿನಲ್ಲಿ ಈ ಬಿಸಿ ಮುಚ್ಚಿದ ಪಾತ್ರೆಯೊಳಗೆ ಸಿಕ್ಕಿಕೊಳ್ಳುತ್ತದೆ. ಡ್ರಮ್ ಕಾದಾಗ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತದೆ, ಬೇಗ ತಣ್ಣಗಾಗುತ್ತದೆ, ನೀರು ಬಿದ್ದರೂ ಬೇಗ ಒಣಗುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ರೇಸನ್ನು ಜಾಗ್ವಾರ್ ಗೆದ್ದಿತು. ಆ ಕಾರಿಗಿದ್ದದ್ದು ಡಿಸ್ಕ್ ಬ್ರೇಕ್. ಆಮೇಲೆ ಜಗತ್ತು ಹಿಂದೆ ನೋಡಲಿಲ್ಲ ಎಂದು ಮಾವನಿಗೂ ಹೇಳಿದ್ದೆ.

ಇದೆಲ್ಲ ನಿಜ. ಆದರೆ ಇದೆಲ್ಲ "ಡಿಸ್ಕ್ ಒಳ್ಳೆಯದೇ?" ಎಂಬ ಪ್ರಶ್ನೆಗೆ ಉತ್ತರ. "ಈ ಕಾರಿನ ಹಿಂದಿನ ಆಕ್ಸಲ್‌ಗೆ ಹಾಕಿದರೆ ಏನಾಗುತ್ತದೆ?" ಎಂದು ನಾನು ಕೇಳಿಕೊಂಡಿರಲೇ ಇಲ್ಲ.

ಹೊಳಲ್ಕೆರೆ: ಲೇತ್ ಅಂಗಡಿಯ ಪ್ರಶ್ನೆ

ಡಿಸ್ಕನ್ನು ಹಬ್‌ಗೆ ಕೂರಿಸಬೇಕು. ಅದನ್ನು ಹಿಡಿಯುವ ಕ್ಯಾಲಿಪರ್ ಅಲುಗಾಡದಂತೆ ಆಕ್ಸಲ್ ಹೌಸಿಂಗ್‌ಗೆ ಬಿಗಿದಿರಬೇಕು. ಡ್ರಮ್ಮಿನ ಹಿಂದಿರುವ ಬ್ಯಾಕ್ ಪ್ಲೇಟ್ ಬಿಚ್ಚಿದರೆ ಅದರ ಬೋಲ್ಟ್ ತೂತುಗಳು ಸಿಗುತ್ತವೆ. ಅಲ್ಲಿಗೆ ಒಂದು ಬ್ರಾಕೆಟ್ ಮಾಡಿ ಕ್ಯಾಲಿಪರ್ ಕೂರಿಸುವುದು ನನ್ನ ಯೋಜನೆ. ಡ್ರಾಯಿಂಗ್ ಶೀಟಿನಲ್ಲಿ ಚಂದಾಗಿ ಬರೆದುಕೊಂಡು ಹೊಳಲ್ಕೆರೆಯ ಲೇತ್ ಅಂಗಡಿಗೆ ಹೋದೆ. ಟ್ರ್ಯಾಕ್ಟರ್ ಸಾಮಾನು, ಅಡಿಕೆ ಸುಲಿಯುವ ಯಂತ್ರದ ಶಾಫ್ಟ್ ಮಾಡಿಕೊಡುವ ಅಂಗಡಿ ಅದು.

ಲೇತ್ ಮೇಸ್ತ್ರಿ ಡ್ರಾಯಿಂಗ್ ನೋಡಿದರು. "ಚೆನ್ನಾಗೈತೆ. ಇದರ ಮೇಲೆ ಎಷ್ಟು ಲೋಡ್ ಬೀಳ್ತತೆ?" ಎಂದರು.

ನನಗೆ ಗೊತ್ತಿರಲಿಲ್ಲ. "ಜಾಸ್ತಿ ಏನಿಲ್ಲ" ಎಂದೆ.

"ಜಾಸ್ತಿ ಏನಿಲ್ಲ ಅನ್ನೋದು ಅಳತೆ ಅಲ್ಲಪ್ಪ. ಲೆಕ್ಕ ಹಾಕ್ಕಂಡು ಬಾ. ಬ್ರೇಕಿನ ಸಾಮಾನು ನಾನು ಅಂದಾಜಿಗೆ ಮಾಡಲ್ಲ" ಎಂದು ಹಾಳೆ ಮಡಚಿ ವಾಪಸ್ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಇಬ್ಬರು ರೈತರು ನನ್ನ ಕಾಲೇಜು ಬ್ಯಾಗನ್ನೇ ನೋಡುತ್ತಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಕೂತು ಲೆಕ್ಕ ಹಾಕಿದೆ. ಹಿಂದಿನ ಒಂದೊಂದು ಚಕ್ರ ರಸ್ತೆಯನ್ನು ಸುಮಾರು 1,100 ನ್ಯೂಟನ್ ಬಲದಿಂದ ಹಿಡಿಯಬೇಕು ಎಂದಿಟ್ಟುಕೊಂಡರೆ, ಟೈರಿನ ತ್ರಿಜ್ಯ ಸುಮಾರು 32 ಸೆ.ಮೀ., ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಜಾಗದ ತ್ರಿಜ್ಯ ಸುಮಾರು 10 ಸೆ.ಮೀ. ತಿರುಗುಬಲ ಒಂದೇ ಆದ್ದರಿಂದ ತ್ರಿಜ್ಯ ಕಡಿಮೆಯಾದಷ್ಟೂ ಬಲ ಹೆಚ್ಚು. ಬ್ರಾಕೆಟ್ ಮೇಲೆ ಬೀಳುವುದು ಸುಮಾರು 3,500 ನ್ಯೂಟನ್. ಒಂದು ಬದಿಯ ಬ್ರಾಕೆಟ್‌ಗೆ ಸುಮಾರು 350 ಕೆ.ಜಿ. ನೇತು ಹಾಕಿದಂತೆ. ಅದೂ ಒಂದು ಸಲವಲ್ಲ, ಪ್ರತಿ ಸಲ ಬ್ರೇಕ್ ಒತ್ತಿದಾಗಲೂ. ನಾನು ಬರೆದಿದ್ದ ಬ್ರಾಕೆಟ್ 5 ಮಿ.ಮೀ. ತಗಡಿನದು. ಬೆಸುಗೆ ಬಿಟ್ಟುಹೋದರೆ ಕ್ಯಾಲಿಪರ್ ಕಿತ್ತುಕೊಂಡು ಚಕ್ರದೊಳಗೆ ಸಿಕ್ಕಿಕೊಳ್ಳುತ್ತದೆ.

ಮೊದಲ ಸಲ ಹೆದರಿಕೆಯಾಯಿತು. ಹೆದರಿದ್ದು ಒಳ್ಳೆಯದಾಯಿತು.

ಚಿತ್ರದುರ್ಗ: ಮೇಡಂ ಕೇಳಿದ್ದು

ಮರುದಿನ ಚಿತ್ರದುರ್ಗದಲ್ಲಿ ನಮ್ಮ ಮೆಷಿನ್ ಡಿಸೈನ್ ಮೇಡಂ ಬಳಿಗೆ ಬ್ರಾಕೆಟ್ಟಿನ ದಪ್ಪ ಕೇಳಲು ಹೋದೆ. ಅವರು ಬ್ರಾಕೆಟ್ ನೋಡಲೇ ಇಲ್ಲ. "ಮುಂದಿನ ಚಕ್ರದಲ್ಲಿ ಏನಿದೆ?" ಎಂದರು.

"ಡ್ರಮ್, ಮೇಡಂ."

"ಮುಂದೆ ಡ್ರಮ್ ಇಟ್ಟು ಹಿಂದೆ ಡಿಸ್ಕ್ ಹಾಕ್ತೀಯ? ಬ್ರೇಕ್ ಹಾಕಿದಾಗ ಕಾರಿನ ಭಾರ ಯಾವ ಕಡೆಗೆ ಹೋಗುತ್ತೆ?"

ಬಸ್ಸಿನಲ್ಲಿ ನಿಂತವರಿಗೆಲ್ಲ ಇದು ಗೊತ್ತು. ಡ್ರೈವರ್ ಬ್ರೇಕ್ ಹಾಕಿದರೆ ನಾವೆಲ್ಲ ಮುಂದಕ್ಕೆ ವಾಲುತ್ತೇವೆ. ಕಾರಿನ ಭಾರವೂ ಹಾಗೇ ಮುಂದಿನ ಚಕ್ರಗಳ ಮೇಲೆ ಹೋಗುತ್ತದೆ. ಎಷ್ಟು ಹೋಗುತ್ತದೆ ಎಂಬುದನ್ನು ಅಳೆದುಕೊಂಡು ಬಾ ಎಂದರು ಮೇಡಂ.

ಗೆಳೆಯರಿಬ್ಬರು ಜೊತೆಗೆ ಬಂದರು. ಮಾವ ಹೊಸದುರ್ಗದ ಗ್ಯಾರೇಜಿನಲ್ಲಿ ಸೋರುತ್ತಿದ್ದ ಜಾಗಕ್ಕೆ ತಾತ್ಕಾಲಿಕ ರಿಪೇರಿ ಮಾಡಿಸಿ, ಕಾರನ್ನು ನಿಧಾನಕ್ಕೆ ಚಿತ್ರದುರ್ಗಕ್ಕೆ ತಂದರು. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಮೊದಲು ಪೂರ್ತಿ ಕಾರು ನಿಲ್ಲಿಸಿದೆವು. ಮಾವನೂ ಸೇರಿ 1,180 ಕೆ.ಜಿ. ಆಮೇಲೆ ಮುಂದಿನ ಚಕ್ರ ಮಾತ್ರ: 640. ಹಿಂದಿನದು ಮಾತ್ರ: 540. ಎರಡೂ ಆಕ್ಸಲ್ ನಡುವಿನ ಅಂತರ ಟೇಪಿನಲ್ಲಿ 2.46 ಮೀಟರ್. ಕಾರಿನ ಗುರುತ್ವ ಕೇಂದ್ರ ನೆಲದಿಂದ 60 ಸೆ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡೆವು.

ಸಾಕಷ್ಟು ಜೋರಾಗಿ, ಅಂದರೆ ಗುರುತ್ವ ವೇಗೋತ್ಕರ್ಷದ 0.6ರಷ್ಟು ಬ್ರೇಕ್ ಹಾಕಿದರೆ ಸುಮಾರು 170 ಕೆ.ಜಿ. ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಮುಂದೆ 810, ಹಿಂದೆ 370. ಅಂದರೆ ಕಾರನ್ನು ನಿಲ್ಲಿಸುವ ಕೆಲಸದಲ್ಲಿ ಹಿಂದಿನ ಚಕ್ರಗಳ ಪಾಲು ಮೂರನೇ ಒಂದಕ್ಕೂ ಕಡಿಮೆ. ಬ್ರೇಕ್ ಇನ್ನೂ ಜೋರಾದರೆ ಪಾಲು ಇನ್ನೂ ಕಡಿಮೆ.

ನಾನು 35 ಸಾವಿರ ಖರ್ಚು ಮಾಡಿ ಬಲಪಡಿಸಲು ಹೊರಟದ್ದು ಕಡಿಮೆ ಕೆಲಸ ಮಾಡುವ ಆ ಎರಡು ಚಕ್ರಗಳನ್ನು!

ಬರೀ ದುಡ್ಡು ದಂಡವಾಗಿದ್ದರೆ ಪರವಾಗಿಲ್ಲ. ಅದಕ್ಕಿಂತ ದೊಡ್ಡ ಅಪಾಯವಿತ್ತು. ಮಣ್ಣಿನ ರಸ್ತೆಯಲ್ಲಿ ಸೈಕಲ್ಲಿನ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿ ನೋಡಿದವರಿಗೆ ಗೊತ್ತಿರುತ್ತದೆ: ಹಿಂದಿನ ಚಕ್ರ ತಿರುಗುವುದು ನಿಂತು, ಜಾರಿ, ಪಕ್ಕಕ್ಕೆ ಬರುತ್ತದೆ. ಕಾರಿನಲ್ಲೂ ಅದೇ. ಮುಂದಿನ ಚಕ್ರ ಮೊದಲು ಲಾಕ್ ಆದರೆ ಸ್ಟೇರಿಂಗ್ ಕೇಳುವುದಿಲ್ಲ, ಆದರೂ ಕಾರು ನೇರಕ್ಕೆ ಜಾರುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ನೋಡುತ್ತದೆ, ಕಾರು ಬುಗುರಿಯಂತೆ ತಿರುಗುತ್ತದೆ. ಈಗಿನ ಹೊಸ ಕಾರುಗಳಲ್ಲಿ ಎಬಿಎಸ್ ಇದನ್ನು ತಡೆಯುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. 1986ರ ಅಂಬಾಸಡರ್‌ನಲ್ಲಿ ಇರುವ ಎಬಿಎಸ್ ಎಂದರೆ ಮಾವನ ಬಲಗಾಲು ಒಂದೇ.

ತಲೆಕೆಳಗಾದ ಇನ್ನೊಂದು ಲೆಕ್ಕ

ಇಷ್ಟಾದರೂ ನನ್ನ ಹಟ ಪೂರ್ತಿ ಇಳಿದಿರಲಿಲ್ಲ. ಹಿಂದಿನ ಡಿಸ್ಕ್ ಅತಿಯಾಗಿ ಹಿಡಿದರೆ ತಾನೆ ತೊಂದರೆ, ಒತ್ತಡ ಕಡಿಮೆ ಮಾಡುವ ವಾಲ್ವ್ ಹಾಕಿದರಾಯಿತು ಎಂದೆ. ಮೇಡಂ ನಕ್ಕರು. "ಅತಿಯಾಗಿ ಹಿಡಿಯುತ್ತೆ ಅಂತ ಯಾರು ಹೇಳಿದ್ರು? ಹಿಡಿಯದೇ ಇದ್ದರೆ?"

ಡ್ರಮ್ ಬ್ರೇಕಿಗೆ ಒಂದು ಗುಣವಿದೆ. ಡ್ರಮ್ ತಿರುಗುವಾಗ ಒಂದು ಬದಿಯ ಶೂವನ್ನು ತಾನೇ ತನ್ನ ಕಡೆಗೆ ಎಳೆದುಕೊಂಡು ಇನ್ನಷ್ಟು ಗಟ್ಟಿಯಾಗಿ ಒತ್ತಿಸಿಕೊಳ್ಳುತ್ತದೆ. ಬಾಗಿಲ ಸಂದಿಗೆ ಬೆಣೆ ಹೊಡೆದಂತೆ. ನಾವು ಕಾಲಲ್ಲಿ ಕೊಟ್ಟ ಬಲಕ್ಕೆ ಡ್ರಮ್ ತನ್ನದೂ ಸೇರಿಸುತ್ತದೆ. ಡಿಸ್ಕಿಗೆ ಆ ಗುಣವಿಲ್ಲ. ನೀವು ಎಷ್ಟು ಒತ್ತುತ್ತೀರೋ ಅಷ್ಟೇ. ಅದಕ್ಕೇ ಡಿಸ್ಕ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರ್ ಇರುತ್ತದೆ, ಕ್ಯಾಲಿಪರ್‌ನ ಪಿಸ್ಟನ್ ದೊಡ್ಡದಾಗಿರುತ್ತದೆ. ಮಾವನ ಕಾರಿನಲ್ಲಿ ಬೂಸ್ಟರ್ ಇಲ್ಲ.

ಪಿಸ್ಟನ್ ದೊಡ್ಡದಾಯಿತು ಎಂದುಕೊಳ್ಳಿ. ಡ್ರಮ್ಮಿನೊಳಗಿನ ಪಿಸ್ಟನ್ 19 ಮಿ.ಮೀ., ಕ್ಯಾಲಿಪರ್‌ನದು 38 ಮಿ.ಮೀ. ಇದ್ದರೆ ವ್ಯಾಸ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಬಲ ಹೆಚ್ಚುತ್ತದೆ, ನಿಜ. ಆದರೆ ಆ ಪಿಸ್ಟನ್ ಅಷ್ಟೇ ದೂರ ಸರಿಯಬೇಕಾದರೆ ನಾಲ್ಕು ಪಟ್ಟು ಬ್ರೇಕ್ ಆಯಿಲ್ ಬೇಕು. ಅಷ್ಟನ್ನು ತಳ್ಳಲು ಹಳೆಯ ಮಾಸ್ಟರ್ ಸಿಲಿಂಡರ್‌ಗೆ ಆಗದಿದ್ದರೆ ಪೆಡಲ್ ನೆಲ ಮುಟ್ಟುತ್ತದೆ. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಪೆಡಲ್ ಕಲ್ಲಾಗುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ.

ಇನ್ನೂ ಒಂದಿದೆ. ಡ್ರಮ್ ಕಾರುಗಳ ಮಾಸ್ಟರ್ ಸಿಲಿಂಡರ್‌ನಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಉಳಿಸುವ ಸಣ್ಣ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಶೂ ಹಿಂದಕ್ಕೆಳೆಯಲು ಸ್ಪ್ರಿಂಗ್ ಇರುವುದರಿಂದ ಅದು ನಡೆಯುತ್ತದೆ. ಡಿಸ್ಕಿನಲ್ಲಿ ಸ್ಪ್ರಿಂಗ್ ಇಲ್ಲ. ಅಷ್ಟು ಒತ್ತಡ ಉಳಿದರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ. ಹಾಗೆಂದು ವಾಲ್ವ್ ಪೂರ್ತಿ ತೆಗೆದರೆ, ನಮ್ಮ ಕಾರಿನಂತೆ ಮಾಸ್ಟರ್ ಸಿಲಿಂಡರ್ ನೆಲದ ತಗಡಿನ ಕೆಳಗಿರುವಲ್ಲಿ, ಎತ್ತರದ ಕ್ಯಾಲಿಪರ್‌ನಿಂದ ಆಯಿಲ್ ಹಿಂದಕ್ಕೆ ಇಳಿಯಬಹುದು. ಅದಕ್ಕೆ ಬೇರೆ, ಕಡಿಮೆ ಒತ್ತಡದ ವಾಲ್ವ್ ಬೇಕು.

ಹಾಗಾದರೆ ಹಳೆಯ ಕಾರಿನ ಹಿಂದಿನ ಆಕ್ಸಲ್‌ಗೆ ಡಿಸ್ಕ್ ಹಾಕುವುದೇ ತಪ್ಪೇ? ಅಲ್ಲ. ತಿಳಿದವರು ಮಾಡುತ್ತಾರೆ. ಅವರು ಮೊದಲು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕುತ್ತಾರೆ. ಒಂದೇ ಪೈಪಿನ ವ್ಯವಸ್ಥೆ ಬದಲಿಸಿ, ಮುಂದಿನದು ಹೋದರೆ ಹಿಂದಿನದಾದರೂ ಉಳಿಯುವ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕುತ್ತಾರೆ. ಆಮೇಲೆ ಬೂಸ್ಟರ್, ಆಮೇಲೆ ಹಿಂದಿನ ಡಿಸ್ಕ್, ಕೊನೆಗೆ ಹಿಂದಿನ ಒತ್ತಡವನ್ನು ಹದಗೊಳಿಸುವ ವಾಲ್ವ್. ಅದು ಐದಾರು ಕೆಲಸಗಳ ಸರಪಳಿ. ನಾನು ಅದರ ಕೊನೆಯ ಕೊಂಡಿಯಿಂದ ಶುರು ಮಾಡಿದ್ದೆ. ಅಂದಹಾಗೆ, ಫೋಕ್ಸ್‌ವ್ಯಾಗನ್ ಕಂಪನಿಯ ಐಡಿ.3 ಎಂಬ ಈ ಕಾಲದ ಎಲೆಕ್ಟ್ರಿಕ್ ಕಾರಿನಲ್ಲೂ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕೇ ಇದೆ. "ಡ್ರಮ್ಮಿನ ಕಾಲ ಮುಗೀತು" ಎಂದದ್ದು ನೆನೆದು ನಾಚಿಕೆಯಾಯಿತು.

ಆರ್‌ಸಿ ಪುಸ್ತಕದ ಮಾತು

ಕಾನೂನಿನ ಕಡೆಯೂ ನಾನು ನೋಡಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಬ್ರೇಕ್ ಹೇಗಿರಬೇಕು ಎಂದು ಹೇಳಲು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 96ನೇ ನಿಯಮವೇ ಇದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಯಾಗುತ್ತದೆ. ನಾನು ಗುಜರಿ ಸಾಮಾನಿನಲ್ಲಿ ಜೋಡಿಸಿದ ಬ್ರೇಕಿನೊಂದಿಗೆ ಮಾವ ಅಲ್ಲಿ ನಿಲ್ಲಬೇಕಿತ್ತು. ಏನಾದರೂ ಅಪಘಾತವಾಗಿ ವಿಮೆಯವರು ಪ್ರಶ್ನೆ ಕೇಳಿದರೆ ಉತ್ತರಿಸಬೇಕಾದವರೂ ಅವರೇ, ನಾನಲ್ಲ.

ಮತ್ತೆ ಹೊಸದುರ್ಗ

ಈಗ ಉಳಿದದ್ದು ಅತಿ ಕಷ್ಟದ ಕೆಲಸ: ಮಾವನಿಗೆ ಹೇಳುವುದು. "ಓದ್ತಿರೋನು" ಎಂದು ನಂಬಿದವರ ಮುಂದೆ ನನ್ನ ಮಾತು ತಪ್ಪಾಗಿತ್ತು ಎನ್ನಬೇಕು. ಎರಡು ಭಾನುವಾರ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೇ ಭಾನುವಾರ ಹೋದೆ. ಮಾವನ ಮನೆ ಇಳಿಜಾರಿನಲ್ಲಿದೆ. ಕಾರು ಹ್ಯಾಂಡ್ ಬ್ರೇಕ್ ಹಾಕಿ ನಿಂತಿತ್ತು, ಹಿಂದಿನ ಚಕ್ರಕ್ಕೆ ಎಂದಿನಂತೆ ಒಂದು ಕಲ್ಲು ಕೊಟ್ಟಿದ್ದರು.

ನಾನು ಬಾಯಿ ಬಿಡುವ ಮೊದಲೇ ಮಾವ ಚೀಲದಿಂದ ಕ್ಯಾಲಿಪರ್ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು. "ಅಳಿಯ, ಇದರಾಗೆ ಹ್ಯಾಂಡ್ ಬ್ರೇಕ್ ವಯರ್ ಎಲ್ಲಿಗೆ ಸಿಗಾಕ್ತೀಯ?"

ಎಲ್ಲಿಗೂ ಇಲ್ಲ. ಅದು ಮುಂದಿನ ಚಕ್ರದ ಕ್ಯಾಲಿಪರ್. ಅದಕ್ಕೆ ಹ್ಯಾಂಡ್ ಬ್ರೇಕಿನ ಏರ್ಪಾಡೇ ಇರುವುದಿಲ್ಲ. ಹಿಂದೆ ಡಿಸ್ಕ್ ಹಾಕುವವರು ಅದಕ್ಕೆಂದೇ ಮಾಡಿದ ಕ್ಯಾಲಿಪರ್ ಅಥವಾ ಡಿಸ್ಕಿನ ಒಳಗೇ ಸಣ್ಣ ಡ್ರಮ್ ಇರುವ ಜೋಡಣೆ ಬಳಸಬೇಕು. ಕುರಿ ಹಿಂಡಿನ ಎದುರು ಪೆಡಲ್ ಕೈಕೊಟ್ಟಾಗ ಕಾರು ನಿಲ್ಲಲು ನೆರವಾದದ್ದು ಹಿಂದಿನ ಡ್ರಮ್ಮಿಗೆ ವಯರ್ ಮೂಲಕ ಹೋಗುವ ಅದೇ ಹ್ಯಾಂಡ್ ಬ್ರೇಕ್. ನಾನು ಕಿತ್ತು ಹಾಕಲು ಹೊರಟದ್ದು ಅದನ್ನೇ.

ಎಲ್ಲವನ್ನೂ ಹೇಳಿದೆ. ವೇಬ್ರಿಡ್ಜ್ ಚೀಟಿ ತೋರಿಸಿದೆ. 3,200 ರೂಪಾಯಿ ನನ್ನ ತಪ್ಪು, ಕೊಡುತ್ತೇನೆ ಎಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಿ ಆದ ಮೇಲೆ ಹೇಳಿದ್ರೆ ಏನ್ ಮಾಡ್ಬೇಕಿತ್ತು? ಮೊದ್ಲೇ ಹೇಳ್ದಲ್ಲ, ಅದು ಓದಿದ್ದಕ್ಕೆ ಸಾರ್ಥಕ. ಈಗ ನಮ್ಮ ಬ್ರೇಕಿಗೆ ಏನಾಗಿತ್ತು ಅಂತ ನೋಡಾಣ ನಡಿ" ಎಂದರು.

ಅದನ್ನೇ ಮೊದಲ ದಿನ ನೋಡಬೇಕಿತ್ತು. ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ನಾಲ್ಕೂ ಡ್ರಮ್ ಬಿಚ್ಚಿಸಿದೆವು. ಹಿಂದಿನ ಎಡ ಚಕ್ರದ ವೀಲ್ ಸಿಲಿಂಡರ್‌ನ ರಬ್ಬರ್ ಸವೆದು ಆಯಿಲ್ ಸೋರಿ ಲೈನರ್ ಒದ್ದೆಯಾಗಿತ್ತು. ಡಬ್ಬಿಯಲ್ಲಿ ಆಯಿಲ್ ತಳ ಕಂಡಿತ್ತು. ನಮ್ಮದು ಒಂದೇ ಸರ್ಕ್ಯೂಟ್, ಹಾಗಾಗಿ ಒಂದು ಚಕ್ರ ಸೋರಿದರೆ ನಾಲ್ಕೂ ಚಕ್ರಕ್ಕೆ ಪೆಡಲ್ ಇಲ್ಲ. ಉಳಿದಿದ್ದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಮಾವನಿಗೂ ನೆನಪಿರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅದು 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ನಿಮ್ಮ ಬೈಕಿನಲ್ಲಿ ಡಿಸ್ಕ್ ಬ್ರೇಕ್ ಇದ್ದರೆ ಹ್ಯಾಂಡಲ್ ಮೇಲಿನ ಡಬ್ಬಿಯ ಮುಚ್ಚಳ ನೋಡಿ, ಯಾವ ದರ್ಜೆ ಎಂದು ಬರೆದಿರುತ್ತದೆ. ಎಂಜಿನ್ ಆಯಿಲ್ ಅನ್ನು ಅಪ್ಪಿತಪ್ಪಿಯೂ ಅದಕ್ಕೆ ಹಾಕಬೇಡಿ, ರಬ್ಬರ್ ಸೀಲ್‌ಗಳು ಊದಿಕೊಂಡು ಕೆಡುತ್ತವೆ.

ನಾಲ್ಕೂ ಚಕ್ರಕ್ಕೆ ಹೊಸ ವೀಲ್ ಸಿಲಿಂಡರ್, ಹೊಸ ಲೈನರ್, ಮಾಸ್ಟರ್ ಸಿಲಿಂಡರ್‌ಗೆ ಹೊಸ ಕಿಟ್, ರಬ್ಬರ್ ಹೋಸ್, ಹೊಸ ಆಯಿಲ್. ಡ್ರಮ್ಮುಗಳನ್ನು ಹೊಳಲ್ಕೆರೆಯ ಅದೇ ಲೇತ್ ಅಂಗಡಿಗೆ ಒಯ್ದೆ. "ಈಗ ಸರಿಯಾದ ಕೆಲಸ ತಂದೆ" ಎಂದು ಮೇಸ್ತ್ರಿ ಒಳಮೈ ಸಮ ಮಾಡಿಕೊಟ್ಟರು. ಪೈಪಿನಲ್ಲಿದ್ದ ಗಾಳಿ ತೆಗೆಯುವಾಗ ಪೆಡಲ್ ತುಳಿಯುವ ಕೆಲಸ ನನಗೇ ಬಂತು. ಎಲ್ಲ ಸೇರಿ ಖರ್ಚು ಮಾವ ಎತ್ತಿಟ್ಟದ್ದರ ಮೂರನೇ ಒಂದು ಭಾಗವೂ ಆಗಲಿಲ್ಲ. ಖಾಲಿ ರಸ್ತೆಯಲ್ಲಿ 40ರ ವೇಗದಿಂದ ಬ್ರೇಕ್ ಹಾಕಿ ನೋಡಿದೆವು. ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ ನಿಂತಿತು.

ಗುಜರಿಯಿಂದ ತಂದ ಡಿಸ್ಕ್ ಸುಮ್ಮನೆ ಹೋಗಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಒಂದು ಸ್ಟ್ಯಾಂಡ್ ಮಾಡಿ, ಒಂದು ಬದಿಗೆ ಹಳೆಯ ಡ್ರಮ್, ಇನ್ನೊಂದು ಬದಿಗೆ ಡಿಸ್ಕ್ ಕೂರಿಸಿ, ಎರಡಕ್ಕೂ ಒಂದೇ ಒತ್ತಡ ಕೊಟ್ಟು ಯಾವುದು ಎಷ್ಟು ಹಿಡಿಯುತ್ತದೆ ಎಂದು ಅಳೆದೆವು. ಅದೇ ನಮ್ಮ ಮಿನಿ ಪ್ರಾಜೆಕ್ಟ್ ಆಯಿತು. ಒಂದೇ ಒತ್ತಡಕ್ಕೆ ಡ್ರಮ್ಮೇ ಹೆಚ್ಚು ಹಿಡಿಯಿತು. ಪುಸ್ತಕದಲ್ಲಿ ಓದಿದ್ದನ್ನು ಕೈಯಲ್ಲಿ ಹಿಡಿದಂತಾಯಿತು. ಈ ಸಲ ಬ್ರಾಕೆಟ್ ದಪ್ಪ ಲೆಕ್ಕ ಹಾಕಿಯೇ ಮಾಡಿಸಿದ್ದು. ಪ್ರಾಜೆಕ್ಟ್ ಹುಡುಕುತ್ತಿರುವ ಗೆಳೆಯರಿಗೆ ನನ್ನದೊಂದೇ ಮಾತು: ಮನೆಯಲ್ಲಿ ಕೆಟ್ಟು ನಿಂತಿರುವ ಯಂತ್ರವನ್ನು ಬಿಚ್ಚಿ, ಅದು ಏಕೆ ಕೆಟ್ಟಿತು ಎಂದು ಮೊದಲು ನೋಡಿ. ಏನು ಹೊಸದು ಹಾಕಬಹುದು ಎಂಬುದು ಆಮೇಲಿನ ಮಾತು.

ಮೊನ್ನೆ ಮಾವನಿಗೆ ಇನ್ನೊಂದು ಸುದ್ದಿ ಹೇಳಿದೆ. 2021ರಲ್ಲಿ ಬಂದ ನಿಯಮದ ಪ್ರಕಾರ, ಮೂಲ ರೂಪದಲ್ಲೇ ಉಳಿಸಿಕೊಂಡ 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ನಮ್ಮ ಕಾರಿಗೆ 2036ಕ್ಕೆ 50 ತುಂಬುತ್ತದೆ. ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. ಅಮ್ಮನ ಕಡೆ ನೋಡಿದರು. ಅಮ್ಮ ಏನೂ ಹೇಳಲಿಲ್ಲ. ವಾಪಸ್ ಹೋಗುವಾಗ ಅದರಲ್ಲೇ ಹಿಂದಿನ ಸೀಟಿನಲ್ಲಿ ಕೂತು ಬಸ್‌ಸ್ಟ್ಯಾಂಡ್‌ವರೆಗೆ ಬಂದಳು.

ಆ ದಿನ ಬೆಳಿಗ್ಗೆಯೂ ಮಾವ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. "ಮಾವ, ಬ್ರೇಕ್ ಸರಿಯಾಗಿದೆಯಲ್ಲ, ಇನ್ನೂ ಕಲ್ಲು ಯಾಕೆ?" ಎಂದೆ.

"ಇರ್ಲಿ ಬಿಡು ಅಳಿಯ" ಎಂದರು ಮಾವ. "ನೀನೇ ಹೇಳಿದ್ಯಲ್ಲ, ಎರಡನೇ ಸರ್ಕ್ಯೂಟು."